ಹೊಳೆ ಸೊರಗಿ ನೀರು ಕಾಯುವ ದಿನಗಳು: ಅಪಾಯವನ್ನು ಮೊದಲೇ ಲೆಕ್ಕ ಹಾಕುವುದು ಹೇಗೆ?

ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ ಶಿರಸಿ ಕಡೆಯ ಯಾವುದಾದರೂ ಹೊಳೆಗೆ ಇಳಿದು ನೋಡಿ. ದಂಡೆಯ ಹತ್ತಿರ ನೀರು ಪಾದ ಮುಳುಗುವಷ್ಟೇ ಇರುತ್ತದೆ. ಬಚ್ಚಲ ಹಂಡೆಯಿಂದ ಆಗಷ್ಟೇ ತೋಡಿದ ಹಾಗೆ ಬೆಚ್ಚಗಿರುತ್ತದೆ. ನಾಲ್ಕು ಹೆಜ್ಜೆ ಮುಂದೆ ಹೋಗಿ ಗುಂಡಿಗೆ ಇಳಿದರೆ ಸೊಂಟದ ಹತ್ತಿರ ಬೆಚ್ಚಗೆ, ಕಾಲಿನ ಹತ್ತಿರ ತಣ್ಣಗೆ. ಮೀನುಗಳೆಲ್ಲ ಆ ತಣ್ಣನೆಯ ಜಾಗದಲ್ಲೇ ಗುಂಪು ಕಟ್ಟಿಕೊಂಡಿರುತ್ತವೆ.

ಆ ನಾಲ್ಕು ಹೆಜ್ಜೆಯೊಳಗೆ ಒಂದು ದೊಡ್ಡ ವಿಷಯ ಇದೆ. ಹೊಳೆಯಲ್ಲಿ ನೀರು ಕಡಿಮೆಯಾಗುವುದು ಒಂದು ತೊಂದರೆ. ಉಳಿದ ನೀರು ಕಾಯುವುದು ಇನ್ನೊಂದು ತೊಂದರೆ. ಎರಡೂ ಒಂದೇ ವಾರ ಬಂದರೆ ಆಗುವ ಪೆಟ್ಟು, ಎರಡನ್ನೂ ಬೇರೆ ಬೇರೆ ಕೂಡಿಸಿದ್ದಕ್ಕಿಂತ ಜಾಸ್ತಿ.

ಈಚೆಗೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಊರ ಸಭೆಗಳಲ್ಲಿ ಕೆಲವು ಹೊಸ ಪದಗಳು ಕೇಳುತ್ತಿವೆ. ಬೇಡ್ತಿ–ವರದಾ ನದಿ ಜೋಡಣೆಯ ಮಾತು ಬಂದಾಗ, ಅಘನಾಶಿನಿಯ ನೀರನ್ನು ವೇದಾವತಿಗೆ ಒಯ್ಯುವ ಪ್ರಸ್ತಾಪ ಬಂದಾಗ, ‘ಕನಿಷ್ಠ ಹರಿವು’, ‘ಮಾದರಿ’, ‘ಹತ್ತು ವರ್ಷಕ್ಕೊಮ್ಮೆಯ ಬರ’ ಎನ್ನುವ ಮಾತುಗಳು ಜೊತೆಗೇ ಬರುತ್ತವೆ. ಇವುಗಳ ಅರ್ಥ ಗೊತ್ತಿಲ್ಲದೆ ಪರ ಮಾತಾಡುವುದೂ ಕಷ್ಟ, ವಿರೋಧ ಮಾತಾಡುವುದೂ ಕಷ್ಟ. ಯೋಜನೆ ಬೇಕೋ ಬೇಡವೋ ಎಂಬ ಚರ್ಚೆಗೆ ಇಲ್ಲಿ ಹೋಗುವುದಿಲ್ಲ. ಲೆಕ್ಕ ಹೇಗೆ ನಡೆಯುತ್ತದೆ ಎಂಬುದನ್ನು ಮಾತ್ರ ಬುಡದಿಂದ ನೋಡೋಣ.

ಮಳೆ ನಿಂತ ಮೇಲೂ ಹೊಳೆ ಹರಿಯುವುದು ಯಾಕೆ?

ನಮ್ಮಲ್ಲಿ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಹೇಳಿಕೊಳ್ಳುವಂಥ ಮಳೆ ಇಲ್ಲ. ಆದರೂ ಎಷ್ಟೋ ಹಳ್ಳಗಳು ಹರಿಯುತ್ತಲೇ ಇರುತ್ತವೆ. ಆ ನೀರು ಮಳೆಗಾಲದಲ್ಲಿ ಬೆಟ್ಟದ ಮಣ್ಣು ಕುಡಿದಿಟ್ಟುಕೊಂಡದ್ದು. ಅದು ನಿಧಾನವಾಗಿ ಒಸರಿ ಹಳ್ಳಕ್ಕೆ ಬರುತ್ತದೆ. ಇದಕ್ಕೆ ಮೂಲ ಹರಿವು ಎನ್ನುತ್ತಾರೆ.

ಒಗೆದ ದಪ್ಪ ಟವೆಲನ್ನು ಹಿಂಡದೆ ತಂತಿಗೆ ಹಾಕಿದ್ದೀರಾ? ಮೊದಲು ಧಾರೆಯಾಗಿ ನೀರು ಇಳಿಯುತ್ತದೆ. ಆಮೇಲೆ ತೊಟ್ಟು ತೊಟ್ಟು. ಆಮೇಲೆ ಒಂದು ಹನಿಗೂ ಇನ್ನೊಂದು ಹನಿಗೂ ನಡುವೆ ಕಾಯಬೇಕು. ಹೊಳೆಯೂ ಹೀಗೇ ಇಳಿಯುತ್ತದೆ. ದಿನಕ್ಕೆ ಇಂತಿಷ್ಟು ಲೀಟರ್ ಎಂದು ಕಡಿಮೆಯಾಗುವುದಿಲ್ಲ. ಹಿಂದಿನ ದಿನ ಇದ್ದದ್ದರಲ್ಲಿ ಇಂತಿಷ್ಟು ಪಾಲು ಎಂದು ಕಡಿಮೆಯಾಗುತ್ತದೆ.

ಈ ‘ಪಾಲು’ ಸಣ್ಣದಾಗಿ ಕಾಣುತ್ತದೆ, ಆದರೆ ಬೇಸಿಗೆಯ ಹಣೆಬರಹ ಬರೆಯುವುದು ಅದೇ. ಎರಡು ಹಳ್ಳಗಳನ್ನು ಊಹಿಸಿಕೊಳ್ಳಿ. ಡಿಸೆಂಬರ್ 1ರಂದು ಎರಡರಲ್ಲೂ ಸೆಕೆಂಡಿಗೆ 1000 ಲೀಟರ್ ನೀರು ಹರಿಯುತ್ತಿದೆ. ಮೊದಲನೆಯದು ದಿನಕ್ಕೆ ನೂರಕ್ಕೆ 2 ಪಾಲು ಇಳಿಯುತ್ತದೆ, ಎರಡನೆಯದು 3 ಪಾಲು. ಮೊದಲ ಹಳ್ಳ ಅರ್ಧಕ್ಕೆ ಬರಲು 34 ದಿನ ಬೇಕು. ಎರಡನೆಯದಕ್ಕೆ 23 ದಿನ ಸಾಕು. ನಡುವೆ ಮಳೆಯೇ ಬೀಳದಿದ್ದರೆ ಏಪ್ರಿಲ್ 30ಕ್ಕೆ, ಅಂದರೆ 150 ದಿನಕ್ಕೆ, ಮೊದಲ ಹಳ್ಳದಲ್ಲಿ ಸುಮಾರು 48 ಲೀಟರ್ ಉಳಿದಿರುತ್ತದೆ. ಎರಡನೆಯದರಲ್ಲಿ ಬರೀ 10 ಲೀಟರ್.

ಅಡಿಕೆ ತೋಟಕ್ಕೆ ನೀರೆತ್ತುವ ಒಂದು ಪಂಪು ಸೆಕೆಂಡಿಗೆ 5 ಲೀಟರ್ ಎತ್ತುತ್ತದೆ ಎಂದಿಟ್ಟುಕೊಳ್ಳಿ. ಮೊದಲ ಹಳ್ಳ ಎರಡು ಪಂಪನ್ನು ತಾಳಿಕೊಳ್ಳುತ್ತದೆ, ಕೆಳಗಿನ ಊರಿಗೂ ನೀರು ಹೋಗುತ್ತದೆ. ಎರಡನೆಯ ಹಳ್ಳಕ್ಕೆ ಎರಡು ಪಂಪು ಕೂತರೆ ಮುಗಿಯಿತು, ಅದರಾಚೆ ಬರೀ ಕಲ್ಲು. ಡಿಸೆಂಬರ್‌ನಲ್ಲಿ ನೋಡಿದವರಿಗೆ ಎರಡೂ ಒಂದೇ ಥರದ ಹಳ್ಳ!

ಯಾವ ಹಳ್ಳ ನಿಧಾನ ಇಳಿಯುತ್ತದೆ, ಯಾವುದು ಬೇಗ ಇಳಿಯುತ್ತದೆ ಎಂಬುದು ಮಣ್ಣಿನ ಆಳ, ಕಲ್ಲಿನ ಬಿರುಕು, ಇಳಿಜಾರು ಮತ್ತು ಮೇಲಿನ ಕಾಡನ್ನು ಅವಲಂಬಿಸಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ನಮ್ಮ ಜಿಲ್ಲೆಯ ನದಿಗಳ ಜಲಾನಯನವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ನೀರು ಹರಿದು ಬರುವ ಪ್ರದೇಶದಲ್ಲಿ ನೂರಕ್ಕೆ 60 ಪಾಲಿಗಿಂತ ಹೆಚ್ಚು ಸಹಜ ಕಾಡು ಇರುವ ಕಡೆ ಹಳ್ಳಗಳು ವರ್ಷವಿಡೀ ಹರಿಯುತ್ತವೆ ಎಂಬುದು ಅವರು ಕಂಡ ಮಾತು. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಲ್ಲಿ ರಾಮಪತ್ರೆ ಜಡ್ಡಿಗಳ (ರಾಮಪತ್ರೆ ಮರಗಳ ಜೌಗು ಕಾಡುಗಳ) ನಡುವೆ ನಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇ ತಿಂಗಳಲ್ಲೂ ಅಲ್ಲಿ ಕಾಲು ಕೆಸರಾಗುತ್ತದೆ.

ನೀರು ಕಾಯುವುದು ಹೇಗೆ?

ಹೊಳೆಯ ಬಿಸಿಯನ್ನು ಬ್ಯಾಂಕ್ ಪಾಸ್‌ಬುಕ್ಕಿನ ಹಾಗೆ ನೋಡಬಹುದು. ಜಮಾ ಆಗುವುದು ಮುಖ್ಯವಾಗಿ ಬಿಸಿಲಿನಿಂದ. ಸುತ್ತಲಿನ ಬಿಸಿ ಗಾಳಿಯಿಂದ ಮತ್ತು ಕಾದ ಬಂಡೆಗಳಿಂದಲೂ ಸ್ವಲ್ಪ ಬರುತ್ತದೆ. ಖರ್ಚಾಗುವುದು ನೀರು ಆವಿಯಾದಾಗ, ಮತ್ತು ರಾತ್ರಿ ತಿಳಿ ಆಕಾಶಕ್ಕೆ ಶಾಖ ಬಿಟ್ಟುಕೊಟ್ಟಾಗ. ಇನ್ನು ನೆಲದೊಳಗಿಂದ ಒಸರುವ ನೀರು ಇದೆಯಲ್ಲ, ಅದು ಎರಡೂ ಕಡೆ ಹಿಡಿತ ಹಾಕುತ್ತದೆ. ಬಾವಿ ನೀರು ಚಳಿಗಾಲದ ಬೆಳಿಗ್ಗೆ ಬೆಚ್ಚಗೆ, ಬೇಸಿಗೆ ಮಧ್ಯಾಹ್ನ ತಣ್ಣಗೆ ಅನಿಸುತ್ತದಲ್ವಾ? ನಿಜಕ್ಕೂ ಬಾವಿ ನೀರಿನ ಬಿಸಿ ಹೆಚ್ಚು ಬದಲಾಗಿರುವುದಿಲ್ಲ, ಬದಲಾದದ್ದು ಹೊರಗಿನ ಗಾಳಿ. ನೆಲದ ನೀರಿನ ಬಿಸಿ ಆ ಊರಿನ ಇಡೀ ವರ್ಷದ ಸರಾಸರಿ ಗಾಳಿಯ ಬಿಸಿಗೆ ಹತ್ತಿರ ಇರುತ್ತದೆ. ಹಾಗಾಗಿ ಒಸರು ಜಾಸ್ತಿ ಇರುವ ಹಳ್ಳ ಬೇಸಿಗೆಯಲ್ಲಿ ಅಷ್ಟು ಬೇಗ ಕಾಯುವುದಿಲ್ಲ.

ಈಗ ಆಳದ ವಿಷಯ. ಒಂದೇ ಒಲೆಯ ಮೇಲೆ ತುಂಬಿದ ಹಂಡೆಯನ್ನೂ ಒಂದು ಲೋಟ ನೀರು ಹಾಕಿದ ಬಾಣಲೆಯನ್ನೂ ಇಟ್ಟರೆ ಯಾವುದು ಮೊದಲು ಕಾಯುತ್ತದೆ ಎಂದು ಕೇಳುವುದೇ ಬೇಡ. ಹೊಳೆಯಲ್ಲಿ ಇದನ್ನು ಅಂಕಿಯಲ್ಲೇ ನೋಡಬಹುದು. ನಡು ಮಧ್ಯಾಹ್ನ ಎಲ್ಲ ಖರ್ಚು ಕಳೆದು ಪ್ರತಿ ಚದರ ಮೀಟರ್ ನೀರಿಗೆ 500 ವ್ಯಾಟ್ ಶಾಖ ಉಳಿಯುತ್ತದೆ ಎಂದುಕೊಳ್ಳಿ. ನಾಲ್ಕು ತಾಸು ಹೀಗೇ ಬಿದ್ದರೆ, ಒಂದು ಮೀಟರ್ ಆಳದ ನೀರು ಸುಮಾರು 1.7 ಡಿಗ್ರಿ ಏರುತ್ತದೆ. ಅದೇ ಬಿಸಿಲಿಗೆ 20 ಸೆಂಟಿಮೀಟರ್ ಆಳದ ನೀರು 8.5 ಡಿಗ್ರಿ ಏರಬೇಕು. ನಿಜವಾಗಿ ಅಷ್ಟೊಂದು ಏರುವುದಿಲ್ಲ, ಯಾಕೆಂದರೆ ಕಾದಷ್ಟೂ ನೀರು ಜೋರಾಗಿ ಆವಿಯಾಗಿ ತನ್ನನ್ನು ತಾನೇ ತಂಪು ಮಾಡಿಕೊಳ್ಳುತ್ತದೆ. ಆದರೆ ಲೆಕ್ಕದ ದಿಕ್ಕು ಅದೇ. ಆಳ ಐದರಲ್ಲಿ ಒಂದು ಪಾಲಾದರೆ ಬಿಸಿಯ ಏರಿಕೆ ಐದು ಪಟ್ಟಿನ ಕಡೆಗೆ ಹೋಗುತ್ತದೆ.

ವೇಗವೂ ಸೇರಿಕೊಳ್ಳುತ್ತದೆ. ಕಡಿಮೆ ನೀರು ನಿಧಾನ ಹರಿಯುತ್ತದೆ. ಬಿಸಿಲು ಬೀಳುವ ಬಯಲು ಜಾಗವನ್ನು ದಾಟಲು ಮೊದಲು ಅರ್ಧ ತಾಸು ಸಾಕಾಗಿದ್ದ ನೀರಿಗೆ ಈಗ ಮೂರು ತಾಸು ಬೇಕಾಗಬಹುದು. ಅಷ್ಟೂ ಹೊತ್ತು ಅದು ಒಲೆಯ ಮೇಲೆ ಕೂತ ಹಾಗೆ. ದಂಡೆಯ ಮರ ಕಡಿದಿದ್ದರೆ ಒಲೆಯ ಉರಿ ಇನ್ನೂ ದೊಡ್ಡದು. ಇಷ್ಟನ್ನು ನೆನಪಿಡಿ: ಹರಿವು ಇಳಿಯುವುದೇ ನೀರು ಕಾಯಲು ಒಂದು ಕಾರಣ. ಮುಂದೆ ಇದು ಬೇಕಾಗುತ್ತದೆ.

ಬಿಸಿ ನೀರಿನಲ್ಲಿ ಉಸಿರು ಕಡಿಮೆ

ಮೀನು ಉಸಿರಾಡುವುದು ನೀರಿನಲ್ಲಿ ಕರಗಿದ ಆಮ್ಲಜನಕವನ್ನು. ನೀರು ಕಾದಷ್ಟೂ ಅದರಲ್ಲಿ ಕರಗಿ ನಿಲ್ಲುವ ಆಮ್ಲಜನಕ ಕಡಿಮೆಯಾಗುತ್ತದೆ. ಸೋಡಾ ಬಾಟಲಿ ಬಿಸಿಯಾದರೆ ಗ್ಯಾಸ್ ಬೇಗ ಹೋಗುತ್ತದಲ್ಲ, ಹಾಗೆ. ಸಿಹಿ ನೀರು 20 ಡಿಗ್ರಿಯಲ್ಲಿದ್ದರೆ ಲೀಟರಿಗೆ ಸುಮಾರು 9.1 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. 25 ಡಿಗ್ರಿಯಲ್ಲಿ 8.3, 30ರಲ್ಲಿ 7.6, 35ರಲ್ಲಿ 6.9. ಮೀನುಗಾರಿಕೆಗೆ ಯೋಗ್ಯ ಎನ್ನಬೇಕಾದರೆ ಕನಿಷ್ಠ 4 ಮಿಲಿಗ್ರಾಂ ಇರಬೇಕು ಎಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣ ಹೇಳುತ್ತದೆ.

6.9 ಇದ್ದರೆ 4ಕ್ಕಿಂತ ಎಷ್ಟೋ ಮೇಲೆ ಇದೆಯಲ್ಲ, ಹೆದರಿಕೆ ಏನು ಎಂದು ಅನಿಸಬಹುದು. ಆದರೆ 6.9 ಎನ್ನುವುದು ಗರಿಷ್ಠ. ಕೊಡ ಎಷ್ಟು ಹಿಡಿಯುತ್ತದೆ ಎಂಬ ಲೆಕ್ಕ ಅದು, ಕೊಡದಲ್ಲಿ ಎಷ್ಟಿದೆ ಎಂಬ ಲೆಕ್ಕ ಬೇರೆ. ನೀರು ಬೆಚ್ಚಗಾದಾಗ ಮೀನಿನ ಮೈಯ ಕೆಲಸಗಳು ಜೋರಾಗುತ್ತವೆ, ಅದಕ್ಕೆ ಉಸಿರು ಹೆಚ್ಚು ಬೇಕು. ಕೊಳೆತ ಎಲೆ, ಊರಿನ ಕೊಳಚೆ ತಿನ್ನುವ ಸೂಕ್ಷ್ಮಜೀವಿಗಳಿಗೂ ಹೆಚ್ಚು ಬೇಕು. ಕೊಡ ಚಿಕ್ಕದಾಯಿತು, ಕುಡಿಯುವವರು ಜಾಸ್ತಿಯಾದರು. ಹರಿವು ಕಡಿಮೆ ಇರುವಾಗ ಇನ್ನೂ ಒಂದು ತೊಂದರೆ: ಕಲ್ಲಿನ ಮೇಲೆ ಹಾರಿ ನೊರೆಯಾಗಿ ಗಾಳಿ ಬೆರೆಸಿಕೊಳ್ಳುವ ನೀರೇ ಇರುವುದಿಲ್ಲ. ಅದೇ ಪ್ರಮಾಣದ ಕೊಳಚೆಗೆ ಬೆರೆಯಲು ನೀರೂ ಕಡಿಮೆ.

ಅತಿ ಕೆಟ್ಟ ಹೊತ್ತು ಮಧ್ಯಾಹ್ನ ಎಂದುಕೊಂಡರೆ ಅದು ಪೂರ್ತಿ ಸರಿಯಲ್ಲ. ಹಗಲಿನಲ್ಲಿ ಪಾಚಿ ಮತ್ತು ನೀರುಗಿಡಗಳು ಆಮ್ಲಜನಕ ಬಿಡುತ್ತವೆ. ರಾತ್ರಿಯಿಡೀ ಅವೂ ಉಸಿರಾಡಿ ಅದನ್ನೇ ತೆಗೆದುಕೊಳ್ಳುತ್ತವೆ. ಹಾಗಾಗಿ ಬೆಳಕು ಹರಿಯುವ ಮುಂಚೆ ಆಮ್ಲಜನಕ ತಳ ಕಂಡಿರುತ್ತದೆ. ನಸುಕಿನಲ್ಲಿ ಗುಂಡಿಯ ಮೀನುಗಳು ಮೇಲೆ ಬಂದು ಬಾಯಿ ತೆರೆಯುವುದನ್ನು ನೋಡಿದ್ದರೆ ನೀವು ನೋಡಿದ್ದು ಅದನ್ನೇ.

‘ಮಾದರಿ’ ಅಂದರೇನು?

ಮಾದರಿ ಎಂದರೆ ಇಲ್ಲಿ ಗಾಜಿನ ಪೆಟ್ಟಿಗೆಯೊಳಗಿನ ಪುಟ್ಟ ಹೊಳೆ ಅಲ್ಲ. ಅದು ಕಂಪ್ಯೂಟರಿನಲ್ಲಿ ಬರೆದ ಲೆಕ್ಕಗಳ ಸರಪಳಿ. ಒಂದು ಕೊನೆಯಲ್ಲಿ ಮಳೆ, ಬಿಸಿಲು, ಗಾಳಿಯ ಬಿಸಿ ಹಾಕುತ್ತೀರಿ. ಇನ್ನೊಂದು ಕೊನೆಯಲ್ಲಿ ಹೊಳೆಯ ಹರಿವು ಮತ್ತು ನೀರಿನ ಬಿಸಿ ಸಿಗುತ್ತದೆ.

ಸರಪಳಿಯ ಮೊದಲ ಕೊಂಡಿ ಮಳೆಯಿಂದ ಹರಿವನ್ನು ಲೆಕ್ಕ ಹಾಕುತ್ತದೆ. ಒಂದರ ಕೆಳಗೆ ಒಂದು ತೂತಿನ ಬಕೆಟ್ ಇಟ್ಟ ಹಾಗೆ ಇದನ್ನು ಕಲ್ಪಿಸುತ್ತಾರೆ. ಮೇಲಿನ ಬಕೆಟ್ ಮರದ ಎಲೆಗಳು. ಅದರ ಕೆಳಗಿನದು ಮೇಲ್ಮಣ್ಣು. ತೀರ ಕೆಳಗಿನದು ಆಳದ ನೆಲ. ಪ್ರತಿ ಬಕೆಟ್ ಎಷ್ಟು ದೊಡ್ಡದು, ತೂತು ಎಷ್ಟು ಎಂಬುದನ್ನು ಹೊಂದಿಸುತ್ತಾ ಹೋಗುತ್ತಾರೆ. ಮೇಲೆ ಹೇಳಿದ ನೂರಕ್ಕೆ 2 ಅಥವಾ 3 ಪಾಲು ಎಂಬುದು ತಳದ ಬಕೆಟ್ಟಿನ ತೂತು.

ಎರಡನೆಯ ಕೊಂಡಿ ನೀರಿನ ಬಿಸಿಯದ್ದು. ಇದಕ್ಕೆ ಎರಡು ದಾರಿ ಇವೆ. ಒಂದು, ಆ ಪಾಸ್‌ಬುಕ್ ಲೆಕ್ಕವನ್ನೇ ತಾಸು ತಾಸಿಗೆ ಬರೆಯುವುದು: ಎಷ್ಟು ಬಿಸಿಲು, ಎಷ್ಟು ನೆರಳು, ಎಷ್ಟು ಆವಿ. ನಂಬಿಕೆಗೆ ಒಳ್ಳೆಯದು, ಆದರೆ ಮಾಹಿತಿ ತುಂಬಾ ಬೇಕು. ಇನ್ನೊಂದು, ಹಳೆಯ ದಾಖಲೆ ನೋಡಿ ಗಾಳಿಯ ಬಿಸಿಗೂ ನೀರಿನ ಬಿಸಿಗೂ ಇರುವ ನಂಟನ್ನು ಹಿಡಿಯುವುದು. ಆ ನಂಟು ನೇರ ಗೆರೆಯಲ್ಲಿ ಹೋಗುವುದಿಲ್ಲ. ತೀರ ಸೆಕೆಯಲ್ಲಿ ಆವಿಯಾಗುವುದು ಹೆಚ್ಚಿ ನೀರಿನ ಬಿಸಿ ಏರುವುದು ನಿಧಾನವಾಗುತ್ತದೆ, ಗೆರೆ ಮೇಲೆ ಹೋದಂತೆ ಬಾಗುತ್ತದೆ. ಗಾಳಿಯ ಬಿಸಿಯೊಂದನ್ನೇ ನೋಡುವ ಮಾದರಿ ಸುಲಭ. ಆದರೆ ಹರಿವನ್ನು ಅದರಲ್ಲಿ ಸೇರಿಸದಿದ್ದರೆ ಮಾರ್ಚ್‌ನ ಸೆಕೆಯೂ ಮೇ ಸೆಕೆಯೂ ಅದಕ್ಕೆ ಒಂದೇ. ತುಂಬಿದ ಹೊಳೆಗೂ ಬತ್ತಿದ ಹೊಳೆಗೂ ಅದೇ ಉತ್ತರ ಕೊಡುತ್ತದೆ. ನಮ್ಮಂಥ ಜಿಲ್ಲೆಗೆ ಅದು ಸಾಲದು.

ಮಾದರಿ ಸರಿಯಿದೆಯೋ ಇಲ್ಲವೋ ಹೇಗೆ ಗೊತ್ತಾಗಬೇಕು? ಪರೀಕ್ಷೆಯ ಹಾಗೇ. ಇಪ್ಪತ್ತು ವರ್ಷದ ದಾಖಲೆ ಇದ್ದರೆ ಹದಿನಾಲ್ಕು ವರ್ಷದ್ದನ್ನು ಕೊಟ್ಟು ಕಲಿಸುತ್ತಾರೆ. ಉಳಿದ ಆರು ವರ್ಷವನ್ನು ಪ್ರಶ್ನೆಪತ್ರಿಕೆಯ ಹಾಗೆ ಮುಚ್ಚಿಡುತ್ತಾರೆ. ಕಾಣದ ವರ್ಷಗಳನ್ನೂ ಮಾದರಿ ಸರಿಯಾಗಿ ಹೇಳಿದರೆ ಮಾತ್ರ ಪಾಸು. ಯಾರಾದರೂ ನಿಮ್ಮೂರಿಗೆ ಬಂದು ಮಾದರಿಯ ನಕ್ಷೆ ತೋರಿಸಿದರೆ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಯಾವ ವರ್ಷಗಳನ್ನು ಮುಚ್ಚಿಟ್ಟು ಪರೀಕ್ಷೆ ಮಾಡಿದಿರಿ? ಆ ವರ್ಷಗಳಲ್ಲಿ ಬರದ ವರ್ಷ ಒಂದಾದರೂ ಇತ್ತಾ?

‘ಹತ್ತು ವರ್ಷಕ್ಕೊಮ್ಮೆ’ ಎಂಬ ಮಾತಿನ ಅರ್ಥ

ಕಡಿಮೆ ಹರಿವನ್ನು ಅಳೆಯಲು ಲೋಕದ ಬೇರೆ ಬೇರೆ ಕಡೆ ಬಳಸುವ ಒಂದು ಅಳತೆಗೋಲು ಇದೆ. ಸೆವೆನ್-ಕ್ಯೂ-ಟೆನ್ ಎಂದು ಅದರ ಹೆಸರು. ವರ್ಷದಲ್ಲಿ ಯಾವ ಏಳು ದಿನಗಳ ಸರಾಸರಿ ಹರಿವು ಅತಿ ಕಡಿಮೆಯೋ ಅದನ್ನು ಹಿಡಿಯುವುದು. ಎಷ್ಟು ಕಡಿಮೆಗೆ ಇಳಿದರೆ ಅದು ಸರಾಸರಿ ಹತ್ತು ವರ್ಷಕ್ಕೊಮ್ಮೆ ಮಾತ್ರ ಕಾಣುವಷ್ಟು ಕೆಟ್ಟದ್ದು ಎಂದು ಲೆಕ್ಕ ಹಾಕುವುದು. ಏಳೇ ದಿನ ಯಾಕೆ? ಒಂದೇ ದಿನದ ಅಂಕಿಯನ್ನು ಮೇಲಿನ ಒಂದು ಪಂಪು, ಒಂದು ಒಡ್ಡು ಹಾಳು ಮಾಡಬಹುದು. ಒಂದು ವಾರ ಅಂದರೆ ಅಂಥ ಏರುಪೇರು ತಟ್ಟುವುದಿಲ್ಲ.

ಈ ‘ಹತ್ತು ವರ್ಷಕ್ಕೊಮ್ಮೆ’ ಎಂಬುದು ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಹೋದ ವರ್ಷ ಬಂತು, ಇನ್ನು ಒಂಬತ್ತು ವರ್ಷ ನಿಶ್ಚಿಂತೆ ಎಂದು ಅರ್ಥವಲ್ಲ. ಪ್ರತಿ ವರ್ಷವೂ ಹತ್ತರಲ್ಲಿ ಒಂದು ಸಾಧ್ಯತೆ ಎಂದು ಅರ್ಥ. ಐದು ವರ್ಷದೊಳಗೆ ಒಮ್ಮೆಯಾದರೂ ಬರುವ ಸಾಧ್ಯತೆ ನೂರಕ್ಕೆ 41. ಹತ್ತು ವರ್ಷದೊಳಗೆ ನೂರಕ್ಕೆ 65. ಹೊಸ ಅಡಿಕೆ ತೋಟ ಹಾಕಿ ಫಸಲು ಹಿಡಿಯುವಷ್ಟರಲ್ಲಿ ಅಂಥ ವರ್ಷ ಒಂದನ್ನು ನೋಡುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧಕ್ಕರ್ಧ.

ಎರಡೂ ಒಂದೇ ವಾರ ಬಂದರೆ

ಇಡೀ ವಿಷಯದ ತಿರುಳು ಇಲ್ಲಿದೆ, ಸ್ವಲ್ಪ ನಿಂತು ನೋಡೋಣ.

ಏಪ್ರಿಲ್ ಮತ್ತು ಮೇ ಸೇರಿ 61 ದಿನ. ಇಪ್ಪತ್ತು ವರ್ಷಕ್ಕೆ 1220 ದಿನ. ಇವುಗಳಲ್ಲಿ ಹರಿವು ತೀರ ಕಡಿಮೆ ಇದ್ದ ಹತ್ತರಲ್ಲೊಂದು ಪಾಲು ದಿನಗಳನ್ನು ಗುರುತು ಹಾಕಿ: 122 ದಿನ. ನೀರು ತೀರ ಬಿಸಿ ಇದ್ದ ಹತ್ತರಲ್ಲೊಂದು ಪಾಲನ್ನೂ ಗುರುತು ಹಾಕಿ: ಮತ್ತೆ 122 ದಿನ. ಎರಡಕ್ಕೂ ಏನೂ ಸಂಬಂಧ ಇಲ್ಲದಿದ್ದರೆ ಎರಡೂ ಗುರುತು ಬಿದ್ದ ದಿನಗಳು ಸುಮಾರು 12 ಇರಬೇಕು. ಹತ್ತನೇ ಒಂದರ ಹತ್ತನೇ ಒಂದು, ಅಂದರೆ ನೂರನೇ ಒಂದು.

ಆದರೆ ಸಂಬಂಧ ಇದೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋದ ದಿನವೇ ಮೊಬೈಲ್ ನೆಟ್‌ವರ್ಕೂ ಹೋಗುತ್ತದೆ. ಎರಡನ್ನೂ ಕೆಡಿಸುವುದು ಒಂದೇ ಗಾಳಿಮಳೆ. ಹಾಗೆಯೇ ಮೋಡವಿಲ್ಲದ, ಮಳೆಯಿಲ್ಲದ ವಾರಗಳು ಹರಿವನ್ನೂ ಇಳಿಸುತ್ತವೆ, ಬಿಸಿಲನ್ನೂ ಹೆಚ್ಚಿಸುತ್ತವೆ. ಅದರ ಮೇಲೆ, ಇಳಿದ ಹರಿವೇ ನೀರನ್ನು ಇನ್ನಷ್ಟು ಕಾಯಿಸುತ್ತದೆ. ಹಾಗಾಗಿ ಎರಡೂ ಗುರುತು ಬಿದ್ದ ದಿನಗಳು 12ರ ಬದಲು 30, 40 ಆಗಬಹುದು. ಒಂದೊಂದನ್ನೇ ಬೇರೆ ಬೇರೆ ಲೆಕ್ಕ ಹಾಕಿ ಗುಣಿಸಿದವರು ಅಪಾಯವನ್ನು ಮೂರು ಪಟ್ಟು ಕಡಿಮೆ ತೋರಿಸಿದಂತಾಗುತ್ತದೆ. ಈ ನಂಟನ್ನು ಸರಿಯಾಗಿ ಹಿಡಿಯಲು ಗಣಿತಜ್ಞರು ಕೊಪ್ಯುಲಾ ಎಂಬ ಸೂತ್ರ ಬಳಸುತ್ತಾರೆ. ಎರಡು ಸಾಧ್ಯತೆಗಳನ್ನು ಒಂದಕ್ಕೊಂದು ಕಟ್ಟುವ ಹಗ್ಗ ಎಂದು ತಿಳಿದರೆ ಸಾಕು.

ಇದು ಬರೀ ಕಾಗದದ ಲೆಕ್ಕವಲ್ಲ. 2002ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಕ್ಲಾಮತ್ ನದಿಯಲ್ಲಿ ಕನಿಷ್ಠ 34,000 ಮೀನುಗಳು ಸತ್ತವು, ಹೆಚ್ಚಿನವು ಸಾಲ್ಮನ್. ಹರಿವು ಕಡಿಮೆ ಇತ್ತು, ನೀರು ಬೆಚ್ಚಗಿತ್ತು, ಮೀನುಗಳು ಒಂದೆಡೆ ಕಿಕ್ಕಿರಿದಿದ್ದವು. ಕಿವಿರಿನ ರೋಗ ಒಂದರಿಂದ ಒಂದಕ್ಕೆ ಹಬ್ಬಿತು. ಮನುಷ್ಯರ ಕೆಲಸಕ್ಕೂ ಇದೇ ಜೋಡಿ ಅಡ್ಡ ಬರುತ್ತದೆ. 2003ರ ಮತ್ತು 2022ರ ಬೇಸಿಗೆಗಳಲ್ಲಿ ಫ್ರಾನ್ಸ್‌ನ ಕೆಲವು ಅಣು ವಿದ್ಯುತ್ ಘಟಕಗಳು ಉತ್ಪಾದನೆ ತಗ್ಗಿಸಬೇಕಾಯಿತು. ತಂಪು ಮಾಡಿಕೊಳ್ಳಲು ಬಳಸುವ ನದಿಯೇ ಬೆಚ್ಚಗಾಗಿತ್ತು.

ಕಾಳಿಯ ಲೆಕ್ಕ ಬೇರೆ, ಅಘನಾಶಿನಿಯ ಲೆಕ್ಕ ಬೇರೆ

ಒಂದೇ ಜಿಲ್ಲೆ, ಒಂದೇ ಮಳೆ. ಆದರೂ ಒಂದು ನದಿಯ ಮಾದರಿಯನ್ನು ಇನ್ನೊಂದಕ್ಕೆ ಅಂಟಿಸಲು ಆಗುವುದಿಲ್ಲ.

ಜೋಯಿಡಾದ ಡಿಗ್ಗಿಯಲ್ಲಿ ಹುಟ್ಟಿ ಕಾರವಾರದಲ್ಲಿ ಸಮುದ್ರ ಸೇರುವ ಕಾಳಿಗೆ ಸುಮಾರು 184 ಕಿಲೋಮೀಟರ್ ಉದ್ದ. ಆ ದಾರಿಯಲ್ಲಿ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಿವೆ. ಇಲ್ಲಿ ಬೇಸಿಗೆಯ ಹರಿವನ್ನು ನಿರ್ಧರಿಸುವುದು ಟವೆಲ್ ಒಸರುವ ವೇಗಕ್ಕಿಂತ ಹೆಚ್ಚಾಗಿ ವಿದ್ಯುತ್ ಬೇಡಿಕೆ. ಸಂಜೆ ಕರೆಂಟ್ ಜಾಸ್ತಿ ಬೇಕಾದಾಗ ನೀರು ಬಿಡುತ್ತಾರೆ, ಹೊಳೆ ಏರುತ್ತದೆ. ಬೇಡವಾದಾಗ ಇಳಿಯುತ್ತದೆ. ಇಲ್ಲಿ ತಿಂಗಳ ಸರಾಸರಿ ನೋಡಿದರೆ ಮೋಸ ಹೋಗುತ್ತೇವೆ, ತಾಸಿನ ಲೆಕ್ಕ ಬೇಕು. ಆಳವಾದ ಜಲಾಶಯದಲ್ಲಿ ಬೆಚ್ಚನೆ ನೀರು ಮೇಲೆ, ತಣ್ಣನೆ ನೀರು ಕೆಳಗೆ ಪದರ ಕಟ್ಟುತ್ತದೆ. ಯಾವ ಮಟ್ಟದಿಂದ ನೀರು ಬಿಡುತ್ತಾರೆ ಎಂಬುದರ ಮೇಲೆ ಕೆಳಗಿನ ಹೊಳೆಯ ಬಿಸಿ ನಿಂತಿದೆ. ಕೈಗಾ ಅಣು ವಿದ್ಯುತ್ ಕೇಂದ್ರದ ತಲಾ 220 ಮೆಗಾವ್ಯಾಟಿನ ನಾಲ್ಕು ಘಟಕಗಳು ತಂಪು ನೀರಿಗೆ ನೆಚ್ಚಿಕೊಂಡಿರುವುದು ಕದ್ರಾ ಜಲಾಶಯವನ್ನು. ಇಂಥ ಕೇಂದ್ರಗಳಲ್ಲಿ ಒಂದು ಪಾಲು ಕರೆಂಟಿಗೆ ಸುಮಾರು ಎರಡು ಪಾಲು ಶಾಖ ಹೊರಗೆ ಹೋಗಬೇಕು. ಆ ಶಾಖವನ್ನೂ ಜಲಾಶಯದ ಪಾಸ್‌ಬುಕ್ಕಿನ ಜಮಾ ಪುಟದಲ್ಲಿ ಬರೆಯಬೇಕಾಗುತ್ತದೆ.

ಅಘನಾಶಿನಿಗೆ ಅಣೆಕಟ್ಟಿಲ್ಲ. ಶಿರಸಿಯ ಶಂಕರ ಹೊಂಡದ ಕಡೆಯಿಂದ ಹೊರಟು, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಕುಮಟಾ ತಾಲೂಕಿನ ತದಡಿ ಹತ್ತಿರ ಸಮುದ್ರ ಸೇರುವವರೆಗೆ ಅದರ ಬೇಸಿಗೆ ಹರಿವು ಪೂರ್ತಿ ಬೆಟ್ಟದ ಒಸರು. ಟವೆಲ್ಲಿನ ಲೆಕ್ಕ ಇಲ್ಲಿ ಸರಿಯಾಗಿ ಹೊಂದುತ್ತದೆ. ಹಾಗೆಂದು ಇದಕ್ಕೆ ಸಂಗ್ರಹದ ಆಸರೆಯೂ ಇಲ್ಲ. ಮೇ ತಿಂಗಳಲ್ಲಿ ಮೇಲೆ ತೆಗೆದ ಪ್ರತಿ ಲೀಟರ್ ನೀರು ಕೆಳಗೆ ನೇರವಾಗಿ ಕಾಣುತ್ತದೆ. ಶಿರಸಿ ಪೇಟೆಗೆ ಕೆಂಗ್ರೆ ಹೊಳೆ ಮತ್ತು ಮಾರಿಗದ್ದೆಯಿಂದ, ಕುಮಟಾ–ಹೊನ್ನಾವರಕ್ಕೆ ಮರಾಕಲ್‌ನಿಂದ, ಕಾರವಾರ–ಅಂಕೋಲಾಕ್ಕೆ ಬೇಡ್ತಿಯ ಕೆಳಭಾಗವಾದ ಗಂಗಾವಳಿಯಿಂದ ಕುಡಿಯುವ ನೀರು ಬರುತ್ತದೆ. ನಲ್ಲಿ ತಿರುಗಿಸುವವರೆಲ್ಲ ಈ ಲೆಕ್ಕದೊಳಗೇ ಇದ್ದಾರೆ.

ಅಳಿವೆಯಲ್ಲಿ ಮೂರನೆಯ ಸಂಗತಿ: ಉಪ್ಪು

ಹೊಳೆ ಸಮುದ್ರ ಸೇರುವಲ್ಲಿ ಎರಡು ನೀರು ಎದುರುಬದುರು ತಳ್ಳಾಡುತ್ತವೆ. ಮೇಲಿನಿಂದ ಸಿಹಿ ನೀರು ಕಡಿಮೆ ಬಂದರೆ ಭರತದ ಜೊತೆ ಉಪ್ಪು ನೀರು ಹೆಚ್ಚು ಮೇಲಕ್ಕೆ ನುಗ್ಗುತ್ತದೆ. ದಂಡೆಯ ಬಾವಿಗಳಿಗೆ, ತೋಟಗಳಿಗೆ ಅದರ ರುಚಿ ಸಿಗುತ್ತದೆ. ಉಪ್ಪು ನೀರಿಗೆ ಆಮ್ಲಜನಕ ಹಿಡಿಯುವ ಶಕ್ತಿಯೂ ಕಡಿಮೆ. 30 ಡಿಗ್ರಿಯಲ್ಲಿ ಸಿಹಿ ನೀರಿಗೆ 7.6 ಮಿಲಿಗ್ರಾಂ ಆದರೆ ಸಮುದ್ರದ ನೀರಿಗೆ ಸುಮಾರು 6.2.

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ರಾಮ್ಸರ್ ತಾಣಗಳ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಅಲ್ಲಿ ಇಳಿತದ ಹೊತ್ತಿಗೆ ಬುಟ್ಟಿ ಹಿಡಿದು ಬಳಚು (ಕೆಸರಿನ ಚಿಪ್ಪುಜೀವಿ) ಹೆಕ್ಕುವವರ ಬದುಕು ಸಿಹಿ–ಉಪ್ಪಿನ ಹದದ ಮೇಲೆ ನಿಂತಿದೆ. ಮೀನು ಬಿಸಿ ನೀರು ಬಿಟ್ಟು ತಣ್ಣನೆ ಕಡೆಗೆ ಈಜಬಹುದು. ಬಳಚು ಎಲ್ಲಿಗೆ ಹೋಗಬೇಕು? ಇಳಿತದಲ್ಲಿ ಬಿಸಿಲಿಗೆ ಬಿದ್ದ ಕೆಸರಿನಲ್ಲೇ ಅದು ಇರಬೇಕು. ಹಾಗಾಗಿ ಅಳಿವೆಯ ಮಾದರಿಗೆ ಹರಿವು ಮತ್ತು ಬಿಸಿಯ ಜೊತೆಗೆ ಉಪ್ಪು ಮತ್ತು ಭರತ–ಇಳಿತದ ವೇಳೆಯೂ ಬೇಕು. ನಡುಮಧ್ಯಾಹ್ನ ಇಳಿತ ಬೀಳುವ ದಿನಗಳು ಎಲ್ಲಕ್ಕಿಂತ ಕಷ್ಟದವು.

ಕೃಷಿಯಲ್ಲೂ ಇದೇ. ಗಜನಿಯಲ್ಲಿ, ಅಂದರೆ ಅಳಿವೆ ಪಕ್ಕದ ಉಪ್ಪು ಗದ್ದೆಯಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪು ತಾಳುತ್ತದೆ ನಿಜ. ಆದರೆ ಗಜನಿಯ ಉಪ್ಪನ್ನು ತೊಳೆದು ಬಿತ್ತನೆಗೆ ಹದ ಮಾಡಿಕೊಡಬೇಕಾದ್ದು ಮಳೆಗಾಲದ ಸಿಹಿ ನೀರೇ.

ಮಾದರಿ ಎಡವುವುದೆಲ್ಲಿ?

ಮಾದರಿ ನೋಡದ ಸಂಗತಿಗಳಿವೆ. ದೊಡ್ಡ ನದಿಯ ಹರಿವಿಗೆ ಸರಕಾರದ ಅಳತೆ ಕೇಂದ್ರಗಳಿರುತ್ತವೆ. ತೋಟದ ಕೆಳಗಿನ ಹಳ್ಳಕ್ಕೆ ಯಾರು ಇಟ್ಟಿದ್ದಾರೆ? ಯಾವ ಒಡ್ಡು ಯಾವ ದಿನ ಕಟ್ಟಿದರು, ರಾತ್ರಿ ಎಷ್ಟು ಪಂಪು ಓಡಿದವು ಎಂಬುದು ಕಂಪ್ಯೂಟರಿಗೆ ಗೊತ್ತಿಲ್ಲ. ಕಡಿಮೆ ಹರಿವಿನ ದಿನಗಳಲ್ಲಿ ಈ ಸಣ್ಣ ಸಣ್ಣ ಸಂಗತಿಗಳೇ ದೊಡ್ಡವಾಗುತ್ತವೆ. ಸೆಕೆಂಡಿಗೆ ಲಕ್ಷ ಲೀಟರ್ ಹರಿಯುವಾಗ 20 ಲೀಟರ್ ತಪ್ಪಿದರೆ ಯಾರಿಗೂ ತಿಳಿಯದು. 40 ಲೀಟರ್ ಹರಿಯುವಾಗ 20 ಲೀಟರ್ ತಪ್ಪಿದರೆ ಉತ್ತರವೇ ತಪ್ಪು.

ಗುಂಡಿಗಳದ್ದು ಇನ್ನೊಂದು ಕಥೆ. ನದಿಯ ಮಾದರಿ ಸಾಮಾನ್ಯವಾಗಿ ಒಂದು ಜಾಗಕ್ಕೆ ಒಂದೇ ಬಿಸಿ ಹೇಳುತ್ತದೆ. ಮೊದಲು ಹೇಳಿದ ಗುಂಡಿಯಲ್ಲಿ ಸೊಂಟಕ್ಕೂ ಪಾದಕ್ಕೂ ನಡುವೆಯೇ ಎರಡು ಬಿಸಿ ಇತ್ತಲ್ಲ. ಮೀನು ಬದುಕುವುದು ಆ ಕೆಳಗಿನ ತಣ್ಣನೆ ಪದರದಲ್ಲಿ. ಕೆಲವೊಮ್ಮೆ ಆ ಪದರಕ್ಕೆ ಗಾಳಿ ಬೆರೆಯದೆ ತಣ್ಣಗಿದ್ದರೂ ಉಸಿರು ಇರುವುದಿಲ್ಲ. ಮರಳು ತೆಗೆದೋ ಹೂಳು ತುಂಬಿಯೋ ಗುಂಡಿಯ ರೂಪ ಬದಲಾದರೆ ಹಳೆಯ ಲೆಕ್ಕ ಕೈಬಿಡಬೇಕು.

ಮೂರನೆಯದು ಕಾಲದ್ದು. ‘ಹತ್ತು ವರ್ಷಕ್ಕೊಮ್ಮೆ’ ಎಂಬ ಲೆಕ್ಕ ಹಳೆಯ ವರ್ಷಗಳು ಮುಂದೆಯೂ ಹಾಗೇ ಬರುತ್ತವೆ ಎಂದು ನಂಬಿ ಮಾಡಿದ್ದು. 2023ರ ಆಗಸ್ಟ್ ದೇಶದಲ್ಲಿ 1901ರಿಂದ ಈಚೆಗೆ ಅತಿ ಒಣ ಆಗಸ್ಟ್ ಆಗಿತ್ತು. ಆ ವರ್ಷ ಕರ್ನಾಟಕದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿದರು. ಇಂಥ ವರ್ಷವನ್ನು ಲೆಕ್ಕಕ್ಕೆ ಸೇರಿಸಿದರೆ ಒಂದು ಉತ್ತರ, ಬಿಟ್ಟರೆ ಇನ್ನೊಂದು ಉತ್ತರ. ಅದಕ್ಕೇ ಒಳ್ಳೆಯ ಮಾದರಿ ಒಂದೇ ಅಂಕಿ ಕೊಡುವುದಿಲ್ಲ. ಮಳೆ, ಬಿಸಿಲುಗಳನ್ನು ಸಾವಿರಾರು ಬಗೆಯಲ್ಲಿ ಕಲಸಿ ಓಡಿಸಿ, ‘ಇಷ್ಟರಿಂದ ಇಷ್ಟರೊಳಗೆ’ ಎಂದು ಹೇಳುತ್ತದೆ. ‘ಕನಿಷ್ಠ ಹರಿವು ಸೆಕೆಂಡಿಗೆ 52 ಲೀಟರ್’ ಎಂದು ಒಂದೇ ಅಂಕಿ ಬರೆದ ವರದಿಗಿಂತ ‘30ರಿಂದ 80’ ಎಂದು ಬರೆದ ವರದಿಯನ್ನು ನಾನು ಹೆಚ್ಚು ನಂಬುತ್ತೇನೆ.

ನಮ್ಮ ಹಳ್ಳದ ಪಾಸ್‌ಬುಕ್

ಈ ಕೊರತೆಗಳಲ್ಲಿ ಮೊದಲನೆಯದನ್ನು ಊರಿನವರೇ ತುಂಬಬಹುದು. ಶಾಲೆ ಮಕ್ಕಳೂ ಮಾಡುವಂಥ ಕೆಲಸ.

ಹಳ್ಳ ನೇರವಾಗಿ, ಒಂದೇ ಸಮ ಹರಿಯುವ ಜಾಗ ಆರಿಸಿ. ಹತ್ತು ಮೀಟರ್ ಅಳೆದು ಎರಡು ಕಡೆ ಗೂಟ ಹೊಡೆಯಿರಿ. ಒಂದು ನಿಂಬೆಹಣ್ಣು ತೇಲಿಬಿಟ್ಟು ಎಷ್ಟು ಸೆಕೆಂಡಿಗೆ ದಾಟಿತು ನೋಡಿ. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. 25 ಸೆಕೆಂಡ್ ಆದರೆ ವೇಗ ಸೆಕೆಂಡಿಗೆ 0.4 ಮೀಟರ್. ಮೇಲಿನ ನೀರು ತಳದ ನೀರಿಗಿಂತ ಬೇಗ ಹೋಗುತ್ತದೆ, ಹಾಗಾಗಿ ಅದನ್ನು 0.85ರಿಂದ ಗುಣಿಸಿ: 0.34. ಹಳ್ಳದ ಅಗಲ 4 ಮೀಟರ್, ಐದಾರು ಕಡೆ ಕೋಲು ಇಳಿಸಿ ನೋಡಿದ ಸರಾಸರಿ ಆಳ 0.3 ಮೀಟರ್ ಎಂದಾದರೆ, 4 × 0.3 × 0.34, ಅಂದರೆ ಸೆಕೆಂಡಿಗೆ ಸುಮಾರು 410 ಲೀಟರ್. ಪೇಪರಿನಲ್ಲಿ ಬರುವ ಕ್ಯುಸೆಕ್ (ಸೆಕೆಂಡಿಗೆ ಒಂದು ಘನ ಅಡಿ) ಲೆಕ್ಕ ಬೇಕಾದರೆ 28.3ರಿಂದ ಭಾಗಿಸಿ, ಸುಮಾರು 14.5 ಕ್ಯುಸೆಕ್.

ನೀರು ಇಳಿದು ನಿಂಬೆಹಣ್ಣು ಕಲ್ಲಿಗೆ ತಾಗಿ ನಿಲ್ಲುವ ಹಂತಕ್ಕೆ ಬಂದರೆ ಈ ದಾರಿ ಬಿಡಿ. ನೀರನ್ನು ಒಂದು ತೆರೆದ ಕೊಳವೆ ಅಥವಾ ಪೈಪಿಗೆ ತಿರುಗಿಸಿ, ಬಕೆಟ್ ತುಂಬಲು ಎಷ್ಟು ಸೆಕೆಂಡ್ ಬೇಕು ಎಂದು ನೋಡುವುದೇ ಸರಿ.

ಬಿಸಿ ಅಳೆಯಲು ಥರ್ಮಾಮೀಟರನ್ನು ಹರಿಯುವ ನೀರಿನ ನಡು ಆಳದಲ್ಲಿ, ಬಿಸಿಲು ನೇರವಾಗಿ ತಾಗದಂತೆ ಎರಡು ನಿಮಿಷ ಹಿಡಿಯಿರಿ. ಬೆಳಕು ಹರಿಯುವ ಹೊತ್ತಿಗೆ ಒಮ್ಮೆ, ಮಧ್ಯಾಹ್ನ ಮೂರೂವರೆಗೆ ಒಮ್ಮೆ. ಜಾಗ ಮತ್ತು ಹೊತ್ತು ಬದಲಿಸಬೇಡಿ. ಗುಂಡಿಯಿದ್ದರೆ ಮೇಲೆ ಒಂದು, ತಳದಲ್ಲಿ ಒಂದು ಅಳತೆ. ಪಕ್ಕದಲ್ಲಿ ಗಾಳಿಯ ಬಿಸಿ, ಆಕಾಶದಲ್ಲಿ ಮೋಡ ಇತ್ತೋ ಇಲ್ಲವೋ, ಮೇಲೆ ಪಂಪು ಓಡುತ್ತಿತ್ತೋ ಇಲ್ಲವೋ ಬರೆಯಿರಿ.

ಡಿಸೆಂಬರ್ ಮೊದಲ ವಾರದಿಂದ ವಾರಕ್ಕೊಂದು ದಿನ ಬರೆದರೆ ಮೇ ಹೊತ್ತಿಗೆ ನಿಮ್ಮ ಹಳ್ಳ ನೂರಕ್ಕೆ ಎರಡರ ಹಳ್ಳವೋ ಮೂರರ ಹಳ್ಳವೋ ಗೊತ್ತಾಗುತ್ತದೆ. ನಡುವೆ ಭರಣಿ ಮಳೆ ಬಿದ್ದರೆ ಆ ದಿನ ಹರಿವು ಎಷ್ಟು ಏರಿತು, ನೀರು ಎಷ್ಟು ಡಿಗ್ರಿ ತಣ್ಣಗಾಯಿತು, ಎಷ್ಟು ದಿನಕ್ಕೆ ಮತ್ತೆ ಹಳೆಯ ಮಟ್ಟಕ್ಕೆ ಬಂತು ಎಂಬುದನ್ನೂ ಅದೇ ಪುಟದಲ್ಲಿ ಬರೆದಿಡಿ.